ಮೊದಲ ಹೆಸರು

"ಮೊದಲ ಹೆಸರು?" ಎಂದು ಆ ಹೆಂಗಸು ಮೂರನೆಯ ಸಲ ಕೇಳಿದಳು. ಆಸ್ಪತ್ರೆಯ ರೆಕಾರ್ಡು ಆಫೀಸಿನವಳು. ಗದರಿಸಲಿಲ್ಲ, ಮೆತ್ತಗೇ ಕೇಳಿದಳು. ದ್ವಾರಕಾನಾಥ ಮೇಜಿನ ಮೇಲಿದ್ದ ಫಾರಮ್ಮನ್ನೇ ನೋಡುತ್ತ ಕುಳಿತಿದ್ದ. ಕೊನೆಯ ಹೆಸರಿನ ಜಾಗದಲ್ಲಿ 'ದ್ವಾರಕಾನಾಥ್' ಎಂದು ಆಗಲೇ ಟೈಪಾಗಿತ್ತು. ಅದರ ಪಕ್ಕದ ಚೌಕ ಖಾಲಿ. ಖಾಲಿ ಬಿಟ್ಟರೂ ನಡೆಯುತ್ತದೆ, ಆದರೆ ಹನ್ನೆರಡರೊಳಗೆ ಕಳಿಸಬೇಕು, ಬೇಕಿದ್ದರೆ ಹೆಂಡತಿಯನ್ನು ಕೇಳಿಕೊಂಡು ಬನ್ನಿ ಎಂದಳು.

ಮಗು ಹಿಂದಿನ ದಿನ ಮಧ್ಯಾಹ್ನ ಏಳು ತಿಂಗಳಿಗೇ ಹುಟ್ಟಿ, ಎರಡು ಗಂಟೆ ಉಸಿರಾಡಿ, ನಿಲ್ಲಿಸಿತ್ತು.

ಹೆಸರಿನ ತಂಟೆ ಅವನಿಗೆ ಹೊಸದಲ್ಲ. ಅಮೆರಿಕದ ಬರ್ಕ್ಲಿಗೆ ಬಂದ ವರ್ಷ, ಎಂ. ದ್ವಾರಕಾನಾಥ ಎಂಬುದರಲ್ಲಿ 'ಎಂ' ಎಂದರೇನೆಂದು ಯೂನಿವರ್ಸಿಟಿಯವರು ಕೇಳಿದಾಗ, ಮಳವಳ್ಳಿ ಎಂದು ನಿಜ ಹೇಳಿ ಸಿಕ್ಕಿಬಿದ್ದಿದ್ದ. ಅಂದಿನಿಂದ ಇತಿಹಾಸ ವಿಭಾಗದಲ್ಲಿ ಎಲ್ಲರಿಗೂ ಅವನು "ಹಲೋ ಮಳವಳ್ಳಿ". ತಾನು ಊರು ಬಿಟ್ಟರೂ ಊರು ತನ್ನನ್ನು ಬಿಡಲಿಲ್ಲ ಎಂದು ಅವನೇ ಹೇಳಿ ನಗಿಸುತ್ತಿದ್ದ. ಈಗ ಮಗುವಿಗೆ ಕೊನೆಯ ಹೆಸರು ಮೊದಲೇ ಬಂದು ಕುಳಿತಿತ್ತು. ಮೊದಲ ಹೆಸರು ಕೊನೆಗೂ ಬರುತ್ತದೆಯೋ ಇಲ್ಲವೋ ಎಂಬ ಮಾತು ತಾನಾಗಿ ಮನಸ್ಸಿನಲ್ಲಿ ಜೋಡಿಸಿಕೊಂಡಿತು. ತನ್ನ ತಲೆ ಇಂಥ ಹೊತ್ತಿನಲ್ಲೂ ಈ ಕಸುಬು ಬಿಡುವುದಿಲ್ಲವಲ್ಲ ಎಂದು ಅವನಿಗೆ ಹೇಸಿಗೆಯಾಯಿತು.

ಅವನ ಪಿಎಚ್‌ಡಿಯ ವಿಷಯವೇ ಇದು. ಐನೂರು ವರ್ಷದ ಹಿಂದಿನ ಯುರೋಪಿನಲ್ಲಿ, ದೀಕ್ಷಾಸ್ನಾನವಾಗದೆ ಸತ್ತ ಕೂಸುಗಳನ್ನು ಚರ್ಚು ಏನು ಮಾಡುತ್ತಿತ್ತು ಎಂಬುದು. ಹುಟ್ಟಿನ ಜೊತೆಗೇ ಬಂದ ಆದಿಪಾಪ ತೊಳೆಯುವ ಆ ನೀರು ಬೀಳದ ಮಗುವಿಗೆ ಹೆಸರಿಲ್ಲ, ಸ್ವರ್ಗವಿಲ್ಲ, ಚರ್ಚಿನ ಅಂಗಳದಲ್ಲಿ ಮಣ್ಣೂ ಇಲ್ಲ. ಗೋಡೆಯಾಚೆ ಹೂಳಬೇಕು. ಈ ಬಗ್ಗೆ ಅವನು ಇನ್ನೂರು ಪುಟ ಬರೆದಿದ್ದ. ಬಸುರಿ ಪ್ರಭಾ ಹೊಟ್ಟೆ ಅಡ್ಡ ಬರುತ್ತದೆಂದು ಕುರ್ಚಿ ಹಿಂದೆ ಸರಿಸಿ ಕೂತು, ಕೈ ಚಾಚಿ ಎಲ್ಲವನ್ನೂ ಟೈಪು ಮಾಡಿಕೊಟ್ಟಿದ್ದಳು.

ಯುಗಾದಿಗೆ ಸ್ಯಾನ್ ರಮೋನಿನ ಅನಂತಪದ್ಮನಾಭರ ಮನೆಯಲ್ಲಿ ಊಟವಾದ ಮೇಲೆ, ಎಲ್ಲರೂ ಒತ್ತಾಯ ಮಾಡಿದರೆಂದು ಅವನು ಹೆಗಲ ಮೇಲೆ ಟೇಬಲ್ ಕ್ಲಾತು ಹೊದ್ದು ಬಿಷಪ್ಪನಾಗಿದ್ದ. ಮೂಗಿನಲ್ಲಿ ರಾಗ ಎಳೆದು, ಕಣ್ಣು ಅರ್ಧ ಮುಚ್ಚಿ, "ಪಾಪು ಹುಟ್ಟಿದರೆ ನೀವು ಅಯ್ಯೋ ಪಾಪ ಅಂತೀರಿ. ನಾವು ಆದಿಪಾಪ ಅಂತೀವಿ. ತೀರ್ಪು ಕೊಡೋ ಪೋಪನಿಗೂ ಲ್ಯಾಟಿನ್ನಲ್ಲಿ ಪಾಪ ಅಂತಲೇ ಹೆಸರು" ಎಂದಿದ್ದ. ಎಲ್ಲರಿಗಿಂತ ಹೆಚ್ಚು ನಕ್ಕವಳು ಪ್ರಭಾ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು, ಒಳಗಿರೋದೂ ನಗ್ತಾ ಇದೆ ಎಂದಿದ್ದಳು.

ಈಗ ಅವಳು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ಫಾರಮ್ಮಿನ ವಿಷಯ ಹೇಳಿದ.

"ನಾನೊಂದು ಹೆಸರು ಇಟ್ಕೊಂಡಿದೀನಿ ರೀ" ಎಂದಳು. "ನಾಮಕರಣಕ್ಕೆ ಮುಂಚೆ ಬಾಯಿ ಬಿಡಬಾರದು ಅಂತ ನಿಮಗೂ ಹೇಳಿರಲಿಲ್ಲ."

ಅವಳು ತಾನು ಟೈಪು ಮಾಡಿದ ನಾಲ್ಕನೇ ಅಧ್ಯಾಯದ ಮಾತು ತೆಗೆದಳು. ಅದರಲ್ಲಿ ತಾಯಂದಿರು ಸತ್ತ ಕೂಸನ್ನು ಹೊತ್ತು, ದಿನಗಟ್ಟಲೆ ನಡೆದು ಒಂದು ಗುಡಿಗೆ ಬರುತ್ತಿದ್ದರು. ಅಲ್ಲಿಯ ಹೆಂಗಸರು ಕೂಸನ್ನು ಕೆಂಡದ ಕಾವಿನಲ್ಲಿ ಬೆಚ್ಚಗೆ ಮಾಡಿ, ತುಟಿಯ ಮೇಲೆ ಹಕ್ಕಿಯ ಗರಿ ಇಡುತ್ತಿದ್ದರು. ಗರಿ ಅಲುಗಿದರೆ ಜೀವ ಬಂತೆಂದು ಕೂಗಿ, ನೀರು ಚಿಮುಕಿಸಿ, ಆ ಒಂದು ಚಣದಲ್ಲಿ ಹೆಸರಿಡುತ್ತಿದ್ದರು. ಆಮೇಲೆ ಗೋಡೆಯ ಒಳಗೆ ಹೂಳಬಹುದಿತ್ತು. ಇದೆಲ್ಲ ಮೋಸವೆಂದು ಒಬ್ಬ ಬಿಷಪ್ಪು ರೋಮಿಗೆ ದೂರು ಬರೆದಿದ್ದ.

"ಗರಿ ಅಲುಗಿದ್ದು ಬಿಸಿಗಾಳಿಗೆ ಅಂತ ಆ ತಾಯಂದಿರಿಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಅನ್ಸುತ್ತೆ."

"ನಮ್ಮದು ಎರಡು ಗಂಟೆ ಉಸಿರಾಡ್ತು. ನಾವು ಸುಳ್ಳು ಹೇಳೋದೇನೂ ಬೇಕಾಗಿಲ್ಲ. ಹೆಸರು ಬರೀರಿ."

ಹೆಸರು ಏನೆಂದು ಕೇಳದೆ, ಒಂದು ಫೋನು ಮಾಡಿ ಬರುತ್ತೇನೆಂದು ಅವನು ಎದ್ದ. ಯಾಕೆ ಎದ್ದನೆಂದು ಅವನಿಗೇ ತಿಳಿಯಲಿಲ್ಲ. ಕಾರಿಡಾರಿನ ಪೇ ಫೋನಿನಿಂದ ಅನಂತಪದ್ಮನಾಭರ ಆಫೀಸಿಗೆ ಮಾಡಿದ. ವಾರವಿಡೀ ಸೇತುವೆಗಳ ಲೆಕ್ಕ ಹಾಕುವ ಇಂಜಿನಿಯರು ಅವರು. ಶನಿವಾರ, ಭಾನುವಾರ ಈ ಕಡೆಯ ಕನ್ನಡದವರಿಗೆಲ್ಲ ಅವರೇ ಪುರೋಹಿತರು.

"ದ್ವಾರ್ಕಿ, ಹನ್ನೊಂದು ದಿನ ತುಂಬದ್ದಕ್ಕೆ ಹೆಸರು ಇಲ್ಲಪ್ಪ" ಎಂದರು ಅವರು. ದನಿ ಗದ್ಗದವಾಗಿತ್ತು. "ದಹನ ಇಲ್ಲ, ತರ್ಪಣ ಇಲ್ಲ. ಮಣ್ಣಿಗೆ ಕೊಟ್ಟು ತಿರುಗಿ ನೋಡದೆ ಬಂದುಬಿಡೋದು. ಹೆಸರಿಟ್ಟರೆ ಅದು ಇಲ್ಲೇ ಸುತ್ತುತ್ತೆ, ನಿಮಗೂ ಬಿಡುಗಡೆ ಇಲ್ಲ, ಅದಕ್ಕೂ ಇಲ್ಲ."

ಇನ್ನೂರು ಪುಟದಲ್ಲಿ ಈ ಮಾತಿಗೆ ಎಷ್ಟೋ ಉತ್ತರಗಳಿದ್ದವು. ಆದರೆ ಬಿಡುಗಡೆ ಎಂಬ ಒಂದೇ ಪದ ಕಿವಿಯಲ್ಲಿ ನಿಂತಿತು. ಹೆಸರಿಲ್ಲದ್ದನ್ನು ಮರೆಯುವುದು ಸುಲಭವಿರಬಹುದು ಎಂದು ಅವನಿಗೆ ತೋರಿತು. ಹಾಗೆ ತೋರಿದ್ದೇ, ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ವಾರ್ಡಿಗೆ ಮರಳಿದ.

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮಂಚದ ಕಾಲ್ದೆಸೆಯಲ್ಲಿ ನಿಂತು, "ಸಂಸ್ಕಾರ ಆಗದ ಮಗುವಿಗೆ ಹೆಸರು ಇಡೋ ಹಾಗಿಲ್ಲ ಪ್ರಭಾ" ಎಂದ. ಹೇಳುವಾಗ ಗಂಟಲು ಕಟ್ಟಿ ದನಿ ಮೂಗಿಗೆ ಏರಿತ್ತು. ಅಳು ತಡೆಯಲೆಂದು ಕಣ್ಣು ಅರ್ಧ ಮುಚ್ಚಿದ್ದ. ಮಾತು ಮುಗಿಯುವುದರೊಳಗೆ ಆ ರಾಗ ಯಾರದೆಂದು ಅವನಿಗೇ ಕೇಳಿಸಿತು.

ಪ್ರಭಾ ತಿರುಗಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಮಾಡ್ತೀರಿ" ಎಂದಳು. ಮತ್ತೆ ಕಿಟಕಿಯ ಕಡೆ ತಿರುಗಿದಳು.

ಅವನು ಕೆಳಗೆ ಹೋಗಿ ಖಾಲಿ ಚೌಕದಲ್ಲಿ ಒಂದು ಅಡ್ಡಗೆರೆ ಎಳೆದು ಸಹಿ ಹಾಕಿದ. ಗೆರೆ ನೇರವಾಗಿ ಬಂದಿತ್ತು.

ಮೂರನೆಯ ದಿನ ಬೆಳಿಗ್ಗೆ ಅನಂತಪದ್ಮನಾಭರೇ ತಮ್ಮ ಸ್ಟೇಷನ್ ವ್ಯಾಗನ್ನಿನಲ್ಲಿ ಕರೆದುಕೊಂಡು ಹೋದರು. ಸ್ಮಶಾನ 680 ಫ್ರೀವೇಯ ಮಗ್ಗುಲಿಗೇ ಇತ್ತು. ಹುಲ್ಲು ಹಾಸು, ಕಲ್ಲುಗಳ ಸಾಲು, ಕೊನೆಯಲ್ಲಿ ತಂತಿ ಬೇಲಿ. ಮಕ್ಕಳ ಜಾಗ ಬೇಲಿಯ ಬುಡದಲ್ಲಿ. ಅಲ್ಲಿಂದಾಚೆಗೆ ಲಾರಿಗಳು. ಬಿಳಿಯ ಪೆಟ್ಟಿಗೆ ಎಷ್ಟು ಚಿಕ್ಕದಿತ್ತೆಂದರೆ ಸ್ಮಶಾನದವನು ಒಬ್ಬನೇ ಅದನ್ನು ಎರಡು ಕೈಯಲ್ಲಿ ಎತ್ತಿ ತಂದ. ಅದರ ಮೇಲಿನ ಚೀಟಿಯಲ್ಲಿ ಬರೀ 'ದ್ವಾರಕಾನಾಥ್' ಎಂದಿತ್ತು. ದ್ವಾರಕಾನಾಥ ತನ್ನ ಹೆಸರನ್ನು ಎರಡು ಸಲ ಓದಿದ.

ಅನಂತಪದ್ಮನಾಭರು ಕೈಮುಗಿದು ನಿಂತರು. ಮಂತ್ರ ಹೇಳುವ ಹಾಗಿಲ್ಲದ್ದರಿಂದ ಏನು ಮಾಡಬೇಕೆಂದು ತಿಳಿಯದೆ, "ಪಾಪ" ಎಂದರು.

ಪೆಟ್ಟಿಗೆಯನ್ನು ಇಳಿಸುವ ಮುಂಚೆ ಪ್ರಭಾ ಮುಂದೆ ಬಂದು ಮೊಣಕಾಲೂರಿದಳು. ಕೋಟಿನ ಜೇಬಿನಿಂದ ಆಸ್ಪತ್ರೆಯ ಹತ್ತಿ ತೆಗೆದು, ಒಂದು ಎಳೆ ಬಿಡಿಸಿ, ಮುಚ್ಚಳದ ಮೇಲೆ ಇಟ್ಟಳು. ಅದನ್ನೇ ನೋಡುತ್ತ ಕೂತಳು. ಬೇಲಿಯಾಚೆ ಒಂದು ದೊಡ್ಡ ಲಾರಿ ಅಬ್ಬರಿಸಿಕೊಂಡು ಹಾದುಹೋಯಿತು. ಅದರ ಗಾಳಿಗೆ ಹತ್ತಿ ಅಲುಗಿತು.

ಪ್ರಭಾಳ ತುಟಿ ಆಡಿತು. ಒಂದೇ ಪದ. ಲಾರಿಯ ಸದ್ದಿನಲ್ಲಿ ದ್ವಾರಕಾನಾಥನಿಗೆ ಕೇಳಿಸಲಿಲ್ಲ.

ಹಿಂದಿರುಗುವಾಗ ಅವಳು ಮುಂದಿನ ಸೀಟಿನಲ್ಲಿ ಕೂತಳು, ಅವನು ಹಿಂದೆ. ಏನಂದೆ ಎಂದು ಅವನು ಕೇಳಿದ. ಅವಳು ತಲೆ ತಿರುಗಿಸಲಿಲ್ಲ. ಪೆಟ್ಟಿಗೆಯ ಮುಂದೆ ಅವಳ ತುಟಿಗಳು ಮೊದಲು ಕೂಡಿದ್ದವು, ಆಮೇಲೆ ತೆರೆದಿದ್ದವು. ಪ ಇರಬಹುದು, ಬ ಇರಬಹುದು, ಮ ಇರಬಹುದು. ಯಾರ ದನಿಯನ್ನೂ ಒಂದು ಸಲ ಕೇಳಿದರೆ ಎತ್ತಿ ಆಡಿಬಿಡುತ್ತಿದ್ದವನು, ಕಿಟಕಿಯ ಕಡೆ ಮುಖ ಮಾಡಿ, ಅವಳ ಹಾಗೆಯೇ ತುಟಿ ಕೂಡಿಸಿದ, ತೆರೆದ. ಗಾಜಿನ ಮೇಲೆ ಅಂಗೈಯಗಲ ಆವಿ ಕಟ್ಟಿತು. ಅಂಚಿನಿಂದ ಕರಗುತ್ತ ಬಂದು ಹೋಯಿತು. ಅವನು ಮತ್ತೊಂದು ಸಲ ತುಟಿ ಕೂಡಿಸಿದ.