ಮೂರೇ ಅಂಕಿಯ ಗಡಿಯಾರ

ಸಣ್ಣ ಸ್ಟ್ರೋಕ್ ಆದ ಮೂರು ತಿಂಗಳಿಗೆ ರುದ್ರೇಶಪ್ಪನವರ ಕೈಕಾಲು ಸರಿಹೋಗಿದ್ದವು. ನೆನಪು, ಬುದ್ಧಿ ಹೇಗಿದೆ ನೋಡಲು ಶಿವಮೊಗ್ಗದ ಡಾಕ್ಟರು ಹಾಳೆ ಕೊಟ್ಟು, ಒಂದು ಗಡಿಯಾರ ಬರೆಯಿರಿ ಎಂದರು. ಅವರು ಬಳೆಯಂಥ ದುಂಡನೆಯ ಗೆರೆ ಎಳೆದು, ಒಳಗೆ ಮೂರೇ ಅಂಕಿ ಬರೆದರು: ಆರು, ಎರಡು, ಹತ್ತು. ಡಾಕ್ಟರು ಸೊನ್ನೆ ಹಾಕಿದರು.

ಹೆಂಡತಿ ಸರ್ವಮಂಗಳಾ ರೇಗಿದರು. "ಭದ್ರಾವತೀಲಿ ಮೂವತ್ನಾಲ್ಕು ವರ್ಷ ಕಾರ್ಖಾನೆ ಶಿಫ್ಟ್ ಮಾಡಿದೋರು ಡಾಕ್ಟ್ರೇ. ಆರಕ್ಕೆ, ಎರಡಕ್ಕೆ, ಹತ್ತಕ್ಕೆ ಸೈರನ್ನು. ನಮ್ಮನೇಲಿ ಊಟ, ನಿದ್ದೆ, ಜಗಳ ಎಲ್ಲಾ ಅದ್ರ ಪ್ರಕಾರನೇ. ಬೇರೆ ಗಂಟೆ ಕಟ್ಕೊಂಡು ಇವ್ರಿಗೇನಾಗ್ಬೇಕಿತ್ತು?"

ಡಾಕ್ಟರು ನಕ್ಕು, ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟರು. ಸರ್ವಮಂಗಳಾ ಗೆದ್ದವರಂತೆ ಹೊರಬಂದರು.

ಹೊರಗಿನ ಗೋಡೆಯ ಗಡಿಯಾರದಲ್ಲಿ ಒಂದೂವರೆ ಆಗಿತ್ತು. ಅದನ್ನು ನೋಡಿದ್ದೇ ರುದ್ರೇಶಪ್ಪ ದಡಬಡಿಸಿದರು.

"ಟಿಫಿನ್ ಕ್ಯಾರಿಯರ್ ಎಲ್ಲಿ ಮಾರಾಯ್ತಿ? ಸೆಕೆಂಡ್ ಶಿಫ್ಟಿಗೆ ಲೇಟಾಯ್ತು."

ಅವರು ನಿವೃತ್ತರಾಗಿ ಹನ್ನೊಂದು ವರ್ಷ ಕಳೆದಿತ್ತು.

ಡಾಕ್ಟರ ಕೋಣೆಯ ಬಾಗಿಲು ಇನ್ನೂ ತೆರೆದೇ ಇತ್ತು. ಸರ್ವಮಂಗಳಾ ಒಮ್ಮೆ ಅತ್ತ ನೋಡಿದರು. ಆಮೇಲೆ ಗಂಡನ ಕೈ ಹಿಡಿದು ಮೆಟ್ಟಿಲ ಕಡೆ ತಿರುಗಿದರು.

"ಇನ್ನೂ ಅರ್ಧ ಗಂಟೆ ಇದೆ," ಎಂದರು. "ನಿಧಾನಕ್ಕೆ ಇಳೀರಿ."