ನಲವತ್ತು ಸೆಕೆಂಡಿನ ನ್ಯಾಯ

ಮನೆಯವರಿಗೂ ಓರಗೆಯವರಿಗೂ ಅವಳು ‘ರ‍್ಯಾಂಕು’. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಏಳನೆಯವಳಾಗಿ ಬಂದ ದಿನ ಅಂಟಿಕೊಂಡ ಹೆಸರು, ಎರಡು ವರ್ಷವಾದರೂ ಬಿಟ್ಟಿರಲಿಲ್ಲ. ಅವಳನ್ನು ಅಷ್ಟು ಮುಂದೆ ತಂದವರು ಕೋಚಿಂಗ್ ಕ್ಲಾಸಿನ ಗಡಿಯಾರ ಮೇಷ್ಟ್ರು. ಪುಣ್ಯಾತ್ಮನ ಕೈಯಿಂದ ಸ್ಟಾಪ್‌ವಾಚ್ ಇಳಿದದ್ದನ್ನು ಕಂಡವರಿಲ್ಲ. ಪರೀಕ್ಷೆಯ ಪ್ರಶ್ನೆಯೆಂದರೆ ಮೇಲೊಂದು ನಿಯಮ, ಕೆಳಗೊಂದು ಸಂಗತಿ, ಅದರ ಕೆಳಗೆ ನಾಲ್ಕು ಉತ್ತರ. ಒಂದು ಪ್ರಶ್ನೆಗೆ ನಲವತ್ತು ಸೆಕೆಂಡು. ಕೊಟ್ಟದ್ದನ್ನು ನಂಬು, ಕೊಡದ್ದನ್ನು ಕೇಳಬೇಡ, ಅಯ್ಯೋ ಪಾಪ ಅಂದರೆ ಅಂಕ ಹೋಯಿತು ಅನ್ನುವುದು ಅವರ ಮಂತ್ರ. ಒಂದು ಪ್ರಶ್ನೆಯಲ್ಲಿ ಕಳ್ಳ ಯಾಕೆ ಕದ್ದ ಅಂತ ಅವಳು ಕೇಳಿದ್ದಕ್ಕೆ ಇಡೀ ಕ್ಲಾಸನ್ನು ನಗಿಸಿ ಅವಳನ್ನು ಕೂರಿಸಿದ್ದರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಆ ಮೇಷ್ಟ್ರ ಅಂಗಡಿಯಲ್ಲಿ ಮುಕ್ಕಾಲಿಗೂ ಮೈನಸ್ ಅಂಕ.

ಕಾಲೇಜಿನಲ್ಲಿ ನೋಡಿದರೆ ಎಲ್ಲಾ ತಿರುವುಮುರುವು. ಅರವತ್ತು ಪುಟದ ತೀರ್ಪು ಕೊಟ್ಟು, ನೀನೇನಂತೀ ಅಂತ ಕೇಳುತ್ತಿದ್ದರು. ಏನು ಹೇಳಿದರೂ ಮೇಲೊಂದು ‘ಯಾಕೆ?’ ಬೀಳುತ್ತಿತ್ತು. ಅನುಮಾನವಿದ್ದರೆ ಬಿಟ್ಟುಬಿಡು ಎಂದು ಕಲಿತು ಬಂದ ರ‍್ಯಾಂಕಿನವರೆಲ್ಲ ಮೊದಲ ವರ್ಷವಿಡೀ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಅವಳೂ ಕೂತಳು, ಉರುಹೊಡೆದು ಪಾಸಾದಳು. ಇವರಿಗೆ ಉತ್ತರವೇ ಗೊತ್ತಿಲ್ಲ, ಅದಕ್ಕೇ ನಮ್ಮನ್ನು ಕೇಳುತ್ತಾರೆ ಎಂದು ಒಳಗೊಳಗೇ ಉರಿದುಕೊಂಡಳು.

ಎರಡನೆಯ ವರ್ಷ ಕಾಲೇಜಿನ ಉಚಿತ ಕಾನೂನು ಸಲಹೆಯ ಕೋಣೆಯಲ್ಲಿ ಅವಳ ಸರದಿ ಬಂತು. ಮೊದಲ ದಿನವೇ ಒಬ್ಬ ಹೆಂಗಸು ಬಂದಳು. ದೊಡ್ಡ ಲಾಂಡ್ರಿಯೊಂದರಲ್ಲಿ ಆಸ್ಪತ್ರೆ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಮಾಡುವವಳು. ಸೆರಗು ಹೊದ್ದು ಕೂತು, ಎಡಗೈಯಲ್ಲಿ ಒಂದು ನೋಟಿಸ್ ಮುಂದಿಟ್ಟಳು. ಹನ್ನೆರಡು ದಿನ ಹೇಳದೆ ಕೇಳದೆ ಕೆಲಸಕ್ಕೆ ಬಂದಿಲ್ಲ, ಇವತ್ತು ಐದು ಗಂಟೆಯೊಳಗೆ ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯುತ್ತೇವೆ ಎಂದಿತ್ತು. ಅನುಮತಿಯಿಲ್ಲದೆ ಹತ್ತು ದಿನ ಮೀರಿದರೆ ಕೆಲಸ ಹೋಗುತ್ತದೆ ಅನ್ನುವ ಲಾಂಡ್ರಿಯ ನಿಯಮ ಅದರಲ್ಲೇ ಅಚ್ಚಾಗಿತ್ತು. ನಿಯಮ, ಸಂಗತಿ ಎರಡೂ ಒಂದೇ ಹಾಳೆಯಲ್ಲಿ! ರ‍್ಯಾಂಕಿನ ಕಣ್ಣು ಅರಳಿತು.

“ನೋಟಿಸ್ ಸರಿಯಾಗೇ ಇದೆ ಅಕ್ಕ. ಹತ್ತು ದಿನ ಮೀರಿದೆಯಲ್ಲ,” ಅಂದಳು.

ಹೆಂಗಸು ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಎದ್ದು ಹೋದಳು. ಇವಳು ಗಡಿಯಾರ ನೋಡಿಕೊಂಡಳು. ಒಂದು ನಿಮಿಷವೂ ಆಗಿರಲಿಲ್ಲ. ಬಹಳ ದಿನದ ಮೇಲೆ ತನ್ನ ಬಗ್ಗೆ ಖುಷಿಯಾಯಿತು.

ಮಧ್ಯಾಹ್ನ ಸಲಹೆ ಕೋಣೆಯ ಮೇಡಮ್ ಬಂದು ರಿಜಿಸ್ಟರ್ ಓದಿದರು. ಪಾಠಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ಕಾರ್ಮಿಕರ ಕೇಸು ನಡೆಸಿದವರು. ಆಕೆ ಹನ್ನೆರಡು ದಿನ ಯಾಕೆ ಬರಲಿಲ್ಲ ಎಂದು ಕೇಳಿದರು. ಅದು ನೋಟಿಸಿನಲ್ಲಿ ಇರಲಿಲ್ಲ ಅಂದಳು ರ‍್ಯಾಂಕು.

“ನೋಟಿಸ್ ಬರೆದೋರು ಯಾರಮ್ಮ?”

“ಲಾಂಡ್ರಿಯವರು.”

“ಅವರು ಬರೀತಾರಾ ಅದನ್ನ?”

ಯಾಕೆ ಬರಲಿಲ್ಲ ಅನ್ನುವುದಕ್ಕೆ ಉತ್ತರ ಬಾಗಿಲಲ್ಲಿ ನಿಂತಿದ್ದ ಜವಾನನಿಂದ ಬಂತು. ಆಯಮ್ಮನ ಬಲಗೈ ಮೊಣಕೈತನಕ ಸುಟ್ಟಿದೆ, ಕೆಲಸ ಮಾಡುವಾಗಲೇ ಇಸ್ತ್ರಿ ಯಂತ್ರದ ಬಿಸಿ ರೋಲರಿಗೆ ಸಿಕ್ಕಿಕೊಂಡಿತಂತೆ, ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳಂತೆ. ಅವನಿಗೆ ಹೇಗೆ ಗೊತ್ತು? ಬಾಗಿಲು ದಾಟುವಾಗ, ಕೈಗೇನಾಯ್ತಮ್ಮ ಅಂತ ಕೇಳಿದ್ದ. ಅಷ್ಟೇ.

ಮೇಡಮ್ ಬೈಯಲಿಲ್ಲ. ಕೆಲಸದಲ್ಲಿ ಗಾಯವಾಗಿ ಮಲಗಿದವಳನ್ನು ಹೀಗೆ ತೆಗೆಯಲು ಬರುವುದಿಲ್ಲ, ಗೆಲ್ಲುವ ಕೇಸು ಅಂತ ಮಾತ್ರ ಹೇಳಿ, ನೋಟಿಸಿಗೆ ಉತ್ತರ ಬರೆಸಿ, ಐದರೊಳಗೆ ಲಾಂಡ್ರಿಗೆ ಓಡು ಅಂದರು. ಬಸ್ಸಿನಲ್ಲಿ ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು. ಮೇಷ್ಟ್ರ ಮೇಲೆ, ಏಳನೆಯವಳಾಗಿ ಬಂದಾಗ ಚಪ್ಪಾಳೆ ತಟ್ಟಿದವರ ಮೇಲೆ, ಯಾಕೆ ಅನ್ನುವ ಒಂದೇ ಒಂದು ಪದ ತನ್ನ ಬಾಯಿಂದ ಕಿತ್ತುಕೊಂಡು ಬದಲಿಗೆ ಕೊಟ್ಟ ಆ ಏಳನೆಯ ನಂಬರಿನ ಮೇಲೆ. ಕಿತ್ತುಕೊಳ್ಳುವಾಗ ಸುಮ್ಮನೆ ಕೊಟ್ಟವಳು ತಾನೇ ಅನ್ನುವುದು ನೆನಪಾದಾಗ ಮೈ ಇನ್ನೂ ಉರಿಯಿತು.

ಲಾಂಡ್ರಿ ಮುಟ್ಟಿದಾಗ ನಾಲ್ಕೂವರೆ. ಹೆಂಗಸು ಗೇಟಿನಿಂದ ಹೊರಗೆ ಬರುತ್ತಿದ್ದಳು. ಎಡಗೈ ಹೆಬ್ಬೆರಳಿಗೆ ನೀಲಿ ಮಸಿ ಹತ್ತಿತ್ತು. ರ‍್ಯಾಂಕು ಆಫೀಸಿಗೆ ನುಗ್ಗಿ, ಆಸ್ಪತ್ರೆಯಲ್ಲಿದ್ದವಳನ್ನು ಯಾವ ಬಾಯಲ್ಲಿ ತೆಗೆಯುತ್ತೀರಿ ಎಂದು ಕೂಗಾಡಿದಳು. ಗುಮಾಸ್ತ ತಣ್ಣಗೆ, ನಾವೆಲ್ಲಿ ತೆಗೆದೆವು, ಆಕೆಯೇ ಬಿಟ್ಟಳು ಅಂತ ರಾಜೀನಾಮೆ ಪತ್ರ ತೋರಿಸಿದ. ಅದರಲ್ಲಿ ಹೀಗಿತ್ತು: ಕಾನೂನು ಕಾಲೇಜಿನಲ್ಲಿ ವಿಚಾರಿಸಿ, ನೋಟಿಸ್ ಸರಿಯಾಗಿದೆಯೆಂದು ತಿಳಿದುಕೊಂಡು, ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಕೆಳಗೆ ಹೆಬ್ಬೆಟ್ಟಿನ ಗುರುತು. ಮಸಿ ಆರಿತ್ತು.

ಅವಳು ಹೊರಗೋಡಿ ಬಂದು ಹೆಂಗಸನ್ನು ಹಿಡಿದು ನಿಲ್ಲಿಸಿದಳು. ಸಿಟ್ಟೆಲ್ಲ ಆ ಹೆಂಗಸಿನ ಮೇಲೇ ತಿರುಗಿತು.

“ಕೈ ಸುಟ್ಟಿದ್ದನ್ನ ನನಗ್ಯಾಕೆ ಹೇಳ್ಲಿಲ್ಲ ನೀವು?”

“ಹೇಳೋಣ ಅಂತಲೇ ಬಂದಿದ್ದೆ ತಾಯಿ,” ಅಂದಳು ಹೆಂಗಸು. “ನೀವು ಕಾಗದ ನೋಡಿದ ಕೂಡ್ಲೇ ಸರಿಯಾಗಿದೆ ಅಂದ್ರಿ. ಓದಿದೋರು. ಹಾಗಾದ್ರೆ ರೋಲರ್‌ಗೆ ಕೈ ಕೊಟ್ಟಿದ್ದೂ ನನ್ನದೇ ತಪ್ಪಿರ್ಬೇಕು ಅನ್ಕೊಂಡೆ.”