ಮಲಗಿದವನ ಮುದ್ದೆ

“ಎತ್ತಿ ಹಾಕ್ರಲಾ ಆ ಹೆಣಾನ ಮಿಷನ್ ಮೇಲೆ!”

ಮಧುಗಿರಿ ಕಡೆಯ ಆ ಕಲ್ಲುಕೋರೆಯ ಊಟದ ಶೆಡ್ಡಿನಲ್ಲಿ ರಾಗಿ ಮೂಟೆ ತೂಗುವ ಯಂತ್ರವೊಂದಿತ್ತು. ಇಬ್ಬರು ಆಳುಗಳು ದೊಡ್ಡಹನುಮಯ್ಯನ ಕಂಕುಳಿಗೆ ಕೈಕೊಟ್ಟು ತಂದು ಅದರ ಮೇಲೆ ಕೂರಿಸಿದರು. ಬಂಡೆ ಉರುಳಿ ಮುರಿದ ಕಾಲಿಗೆ ಬಿದಿರ ದಬ್ಬೆ ಕಟ್ಟಿತ್ತು. ತಗಡಿನ ಅಂಚಿಗೆ ಅದು ತಗುಲಿದ್ದೇ ತಡ, “ಅಯ್ಯಪ್ಪೋ, ನರಸಿಂಹಾ!” ಎಂದು ಚೀರಿದ. ಹೆಂಡತಿ ಕೊಲ್ಲಾಪುರಮ್ಮ ಕಲ್ಲಿನ ಬುಟ್ಟಿ ಬಿಸಾಡಿ ಓಡಿಬಂದಳು.

ಮ್ಯಾನೇಜರು ಪ್ರಸನ್ನ ಕುಮಾರ್ ತೂಕ, ಎತ್ತರ, ವಯಸ್ಸನ್ನು ಮೊಬೈಲಿಗೆ ಒತ್ತಿದ. ತನ್ನ ಹೊಟ್ಟೆ ಕರಗಿಸಲು ತುಮಕೂರಿನ ಜಿಮ್ಮಿನಲ್ಲಿ ಕಲಿತುಬಂದ ಲೆಕ್ಕ ಅದು.

“ಸಾವಿರದ ಇನ್ನೂರು ಕ್ಯಾಲೊರಿ! ಮಲಗಿದ್ದೋನ ಮೈ ಇಡೀ ದಿನ ಉರ್ಸೋದು ಇಷ್ಟೇ. ಉಸ್ರಾಡಕ್ಕೆ, ಗುಂಡ್ಗೆ ಬಡಿಯಕ್ಕೆ. ಬಂಡೆ ಒಡಿಯೋರ ಸಮ ನುಂಗ್ತಾನೆ ಬೋಳಿಮಗ. ಇವತ್ತಿಂದ ಇವನಿಗೆ ಹೊತ್ತಿಗೆ ನಿಂಬೆಹಣ್ಣಿನಷ್ಟು ಮುದ್ದೆ. ಕೇಳಿಸ್ತಾ ಸಾಬರಮ್ಮ?”

ಅಡಿಗೆಯ ಖಾಜಾಬಿ ಕೋಲಿನಿಂದ ಮುದ್ದೆ ತಿರುವುತ್ತಲೇ ಇದ್ದಳು.

“ಮೈ ಮುಟ್ಟಿ ನೋಡಿ ಸಾ, ಹೆಂಚಿದ್ದಂಗೈತೆ,” ಎಂದಳು ಕೊಲ್ಲಾಪುರಮ್ಮ. “ಮೂಳೆ ಕೂಡ್ಬೇಕು, ಜ್ವರ ಇಳೀಬೇಕು. ಮಲಗವ್ನೆ ಅಂದ್ರೆ ಒಳಗೇನೂ ನಡೀತಿಲ್ವಾ?”

“ನೀನೇನ್ ಡಾಕ್ಟ್ರಾ, ಲೌಡಿ? ನಡಿ ಕೆಲ್ಸಕ್ಕೆ!”

ಮಲಗಿದ್ದ ಮೈಯೊಳಗೆ ಒಂದು ಒಲೆ ಹಗಲಿರುಳೂ ಉರಿಯುತ್ತಿತ್ತು. ಸೌದೆ ಸಿಗದೆ ಅದು ಅವನ ಕೆನ್ನೆಯನ್ನು ತಿಂದಿತು, ತೋಳನ್ನು ತಿಂದಿತು, ಪಕ್ಕೆಯ ಮಾಂಸವನ್ನೂ ತಿಂದಿತು. ಶೆಡ್ಡಿನಲ್ಲಿ ಉಣ್ಣಬೇಕೇ ಹೊರತು ಅವನ ನಿಂಬೆಗಾತ್ರದ ಪಾಲು ಬಿಟ್ಟು ಬೇರೆ ಅನ್ನ ಜೋಪಡಿಗೆ ಒಯ್ಯಕೂಡದೆಂಬುದು ಕೋರೆಯ ಕಟ್ಟಳೆ. ಕೊಲ್ಲಾಪುರಮ್ಮ ತನ್ನ ಮುದ್ದೆಯಲ್ಲಿ ಅರ್ಧ ಮುರಿದು, ಸುಡುಸುಡುತ್ತಿರುವಾಗಲೇ ಸೆರಗಿಗೆ ಕಟ್ಟಿ ಸೊಂಟಕ್ಕೆ ಸಿಗಿಸಿ ಒಯ್ಯುತ್ತಿದ್ದಳು. ಸೊಂಟದಲ್ಲಿ ಬೊಕ್ಕೆಗಳೆದ್ದಿದ್ದವು.

ಒಂದು ಮಧ್ಯಾಹ್ನ ಪ್ರಸನ್ನ ಕುಮಾರ್ ಎಲ್ಲರೆದುರು ಅವಳ ಸೆರಗು ಹಿಡಿದೆಳೆದ. ಮುದ್ದೆ ಕಲ್ಲುಪುಡಿಯಲ್ಲಿ ಉರುಳಿತು. ಅದನ್ನು ಬೂಟಿನಿಂದ ಹೊಸಕಿದ.

“ಕಳ್ಳ್ ಮುಂಡೆ! ಗಂಡನ್ ಕೊಬ್ಸಕ್ಕೆ ಕದೀತೀಯಾ?”

“ನನ್ ಹೊಟ್ಟೇದು ಸಾ ಅದು. ನನ್ ಹೊಟ್ಟೇದು!”

ಅವನು ಕೇಳಲಿಲ್ಲ. ಜೋಪಡಿಗೆ ನುಗ್ಗಿ ದೊಡ್ಡಹನುಮಯ್ಯನನ್ನು ಕೂದಲು ಹಿಡಿದು ಶೆಡ್ಡಿಗೆ ಎಳೆದು ತಂದ. “ಏಳಲೇ, ನಾಟ್ಕ ಸಾಕು!” ಎಂದು ದಬ್ಬೆ ಕಟ್ಟಿದ ಕಾಲಿಗೇ ಒದ್ದ. ದಬ್ಬೆ ಸೀಳಿತು. ಕೂಗಲು ತೆರೆದ ಬಾಯಿಂದ ಗಾಳಿಯಷ್ಟೇ ಹೊರಬಂತು.

ಖಾಜಾಬಿ ಮುದ್ದೆಕೋಲನ್ನು ಪಾತ್ರೆಯಿಂದ ಎಳೆದು ಒಲೆಯಂಚಿಗೆ ಇಟ್ಟಳು. ಕೊಲ್ಲಾಪುರಮ್ಮನ ಕೈಗೆ ಅದು ಎಟುಕುವಂತಿತ್ತು.

ಬೂಟು ಮತ್ತೊಮ್ಮೆ ಮೇಲೇಳುವ ಮೊದಲೇ ಏಟು ಬಿತ್ತು. ಮೊಣಕಾಲಿನ ಕೆಳಗೆ, ಒಂದೇ ಏಟು. ಉಳಿ ಹೊಡೆದ ಬಂಡೆ ಬಿರಿದಂಥ ಸದ್ದು. ಪ್ರಸನ್ನ ಕುಮಾರ್ ಮುದುಡಿ ಬಿದ್ದ.

“ನಿಮ್ಮವ್ವನ್… ಹಿಡೀರಲೇ ಅವಳ್ನ! ಆಂಬುಲೆನ್ಸ್ ಕರೀರೋ!”

ಯಾರೂ ಅಲುಗಲಿಲ್ಲ. ಖಾಜಾಬಿ ಬಗ್ಗಿ ಅವನ ಮೊಬೈಲು ಎತ್ತಿ ಕುದಿಯುವ ಎಸರಿಗೆ ಹಾಕಿದಳು. “ಚುಪ್ ರಹೋ ಸಾಬ್. ಜಾಸ್ತಿ ಕೂಗಿದ್ರೆ ಕ್ಯಾಲೊರಿ ಖರ್ಚಾಗ್ತದೆ.”

ಹಿಂದಿನಿಂದ ಯಾರೋ ನಕ್ಕರು.

ಕೊಲ್ಲಾಪುರಮ್ಮ ಕೋಲು ಎಸೆದು, ಕೈ ಒದ್ದೆ ಮಾಡಿಕೊಂಡು, ಎರಡೂ ಅಂಗೈ ತುಂಬುವ ಮುದ್ದೆ ಕಟ್ಟಿದಳು. ಗಂಡನ ತಲೆಯನ್ನು ತೊಡೆಗಿಟ್ಟುಕೊಂಡು, ತುತ್ತು ಮುರಿದು ಸಾರಿಗದ್ದಿ ಬಾಯಿಗಿಟ್ಟಳು.

“ನುಂಗು. ಯಾರೂ ಕಿತ್ಕಣಲ್ಲ, ನುಂಗು.”

ಕೆಳಗಿನ ತಿರುವಿನಲ್ಲಿ ಕೋರೆಯ ಯಜಮಾನನ ಜೀಪಿನ ಹಾರ್ನು ಕೇಳಿತು. ಆಳುಗಳು ಓಡಲಿಲ್ಲ. ಸುತ್ತಿಗೆಗಳನ್ನು ಪಕ್ಕಕ್ಕಿಟ್ಟುಕೊಂಡು, ದಾರಿಗೆ ಬೆನ್ನು ಮಾಡಿ, ಗಂಡಹೆಂಡಿರ ಸುತ್ತ ಒತ್ತಾಗಿ ಕೂತರು.

ದೊಡ್ಡಹನುಮಯ್ಯನ ಗಂಟಲು ಒಮ್ಮೆ ಮೇಲೇರಿತು. ಅದು ಇಳಿಯುವುದನ್ನೇ ಎಲ್ಲರೂ ನೋಡುತ್ತಿದ್ದರು.